ಯೂಟ್ಯೂಬ್‌ನ ‘ನೈಜವಲ್ಲದ ವಿಡಿಯೋ’ ನಿಯಮ: ಕಲಿಸುವವರಿಗೇನು, ಕಲಿಯುವವರಿಗೇನು?

2025ರ ಜುಲೈ ಮೊದಲ ವಾರದಲ್ಲಿ ಒಂದು ಸುದ್ದಿ ಎಲ್ಲೆಡೆ ಓಡಾಡಿತು: ಜುಲೈ 15ರಿಂದ ಯೂಟ್ಯೂಬ್ ಎಐ ವಿಡಿಯೋಗಳನ್ನು ನಿಷೇಧಿಸುತ್ತದಂತೆ. ಮುಖ ತೋರಿಸದೆ ಪಾಠ ಹೇಳುವ ಚಾನೆಲ್‌ಗಳಿಗೆ ಬೀಗ ಬೀಳುತ್ತದೆ ಎಂದು ಕೆಲವರು ಬರೆದರು. ಯಂತ್ರದ ದನಿ ಬಳಸಿದರೆ ಚಾನೆಲ್ಲೇ ಮಾಯ ಎಂದು ಇನ್ನು ಕೆಲವರು ಹೆದರಿಸಿದರು. ಹೇಳಿದ ದಿನ ಬಂತು, ಹೋಯಿತು. ಎಐ ವಿಡಿಯೋಗಳು ಇದ್ದಲ್ಲೇ ಇದ್ದವು, ಹೊಸವೂ ಬರುತ್ತಲೇ ಇದ್ದವು. ಹಾಗಾದರೆ ನಿಯಮ ಬದಲಾಯಿತು ಎಂದದ್ದೇ ಸುಳ್ಳೆ?

ಸುಳ್ಳಲ್ಲ. ಬದಲಾದದ್ದು ಹಣಕ್ಕೆ ಸಂಬಂಧಿಸಿದ ನಿಯಮ. ಸುದ್ದಿಯಾದದ್ದು ಅಸ್ತಿತ್ವಕ್ಕೇ ಸಂಚಕಾರ ಎಂಬಂತೆ. ಗಣಿತ, ರಿಪೇರಿ, ಹೊಲಿಗೆ, ಪ್ರೋಗ್ರಾಮಿಂಗ್, ಸಂಗೀತ ಇವನ್ನೆಲ್ಲ ವಿಡಿಯೋ ನೋಡಿಯೇ ಕಲಿಯುವವರಿಗೆ ಈ ವ್ಯತ್ಯಾಸ ಮುಖ್ಯವಾಗುತ್ತದೆ. ಏಕೆಂದರೆ ಈ ನಿಯಮ ಒಂದು ವಿಡಿಯೋದ ಬಗ್ಗೆ ಕೇಳುವ ಪ್ರಶ್ನೆ ಒಂದೇ: ಇದನ್ನು ಯಾರಾದರೂ ಕೈಯಾರೆ ಮಾಡಿದ್ದಾರೋ, ಅಚ್ಚು ಒತ್ತಿದ್ದಾರೋ? ಅದರಲ್ಲಿ ಹೇಳಿದ್ದು ಸರಿಯೇ, ನೋಡಿದವರು ಏನಾದರೂ ಕಲಿತರೇ ಎಂದು ಅದು ಕೇಳುವುದೇ ಇಲ್ಲ.

ನಿಯಮದಲ್ಲಿ ಇರುವುದೇನು

ಜಾಹೀರಾತಿನ ಪಾಲು ಬೇಕೆಂದರೆ ಚಾನೆಲ್ ಯೂಟ್ಯೂಬ್‌ನ ಪಾಲುದಾರ ಯೋಜನೆಗೆ ಸೇರಬೇಕು. ಅದಕ್ಕೆ 1,000 ಚಂದಾದಾರರಿರಬೇಕು. ಜೊತೆಗೆ ಕಳೆದ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯೋ, 90 ದಿನಗಳಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆಯೋ ಆಗಿರಬೇಕು. ಇಷ್ಟಾದರೂ ಹಣ ತಾನಾಗಿ ಬರುವುದಿಲ್ಲ, ಚಾನೆಲ್‌ನ ಪರಿಶೀಲನೆ ನಡೆಯುತ್ತದೆ. ಅದರಲ್ಲಿ ‘ಪುನರಾವರ್ತಿತ ವಿಷಯ’ ಎಂಬ ಕಲಮು ಮೊದಲಿನಿಂದಲೂ ಇತ್ತು. ಜುಲೈ 15ರಂದು ಅದರ ಹೆಸರು ‘ನೈಜವಲ್ಲದ ವಿಷಯ’ ಎಂದಾಯಿತು. ಒಂದೇ ಅಚ್ಚಿನಲ್ಲಿ ರಾಶಿರಾಶಿಯಾಗಿ ತಯಾರಾಗುವ ವಿಡಿಯೋಗಳೂ ಇದರಡಿ ಬರುತ್ತವೆ ಎಂದು ಬಿಡಿಸಿ ಹೇಳಲಾಯಿತು. ಇದು ಹೊಸ ನಿಯಮವಲ್ಲ, ಇದ್ದದ್ದರ ಸ್ಪಷ್ಟೀಕರಣ ಎಂಬುದು ಕಂಪನಿಯ ಮಾತು.

ಯಾವುದಕ್ಕೆ ಹಣ ಸಿಗುವುದಿಲ್ಲ ಎಂಬುದಕ್ಕೆ ನಿಯಮವೇ ಉದಾಹರಣೆ ಕೊಡುತ್ತದೆ. ತಾನು ಬರೆಯದ ವೆಬ್‌ಸೈಟ್ ಬರಹವನ್ನು ಅಥವಾ ಸುದ್ದಿಯನ್ನು ಸುಮ್ಮನೆ ಓದಿ ಒಪ್ಪಿಸುವ ವಿಡಿಯೋ. ಯಾರದೋ ಹಾಡಿನ ಶ್ರುತಿ ಅಥವಾ ವೇಗ ಬದಲಿಸಿ ಹಾಕಿದ್ದು. ವಿವರಣೆಯಾಗಲಿ ಕಲಿಯುವ ಅಂಶವಾಗಲಿ ಇಲ್ಲದ, ಬರೀ ಚಿತ್ರಗಳು ಸರಿಯುವ ಅಥವಾ ಅಕ್ಷರಗಳು ಉರುಳುವ ವಿಡಿಯೋ. ನಡೆಯುತ್ತದೆ ಎನ್ನುವ ಪಟ್ಟಿಯೂ ಇದೆ. ಎಲ್ಲ ವಿಡಿಯೋಗೂ ಒಂದೇ ಆರಂಭ, ಒಂದೇ ಮುಕ್ತಾಯ ಇರಬಹುದು, ನಡುವಿನ ಹೂರಣ ಬೇರೆಯಾಗಿದ್ದರೆ ಸಾಕು. ಒಂದೇ ಮಾದರಿಯ ಸರಣಿಯೂ ಆದೀತು, ಪ್ರತಿ ಕಂತೂ ತನ್ನ ವಿಷಯದ ವಿಶೇಷವನ್ನು ಹೇಳುತ್ತಿದ್ದರೆ. ಅಂದರೆ ನೂರು ಲೆಕ್ಕಗಳನ್ನು ಒಂದೇ ಬಿಳಿ ಹಲಗೆಯ ಮೇಲೆ, ಒಂದೇ ದನಿಯಲ್ಲಿ ಬಿಡಿಸಿ ತೋರಿಸುವ ಶಿಕ್ಷಕರು ಈ ನಿಯಮದ ಗುರಿಯಲ್ಲ. ಹತ್ತಿರದಿಂದ ನೋಡದ ಪರಿಶೀಲಕನ ಕಣ್ಣಿಗೆ ಅವರೂ ಗುರಿಯಂತೆ ಕಂಡಾರು, ಅದು ಬೇರೆ ತಕರಾರು.

ಪರಿಶೀಲಿಸುವವರು ಎಲ್ಲ ವಿಡಿಯೋಗಳನ್ನೂ ನೋಡುವುದಿಲ್ಲ. ಚಾನೆಲ್‌ನ ಮುಖ್ಯ ವಿಷಯ, ಅತಿ ಹೆಚ್ಚು ನೋಡಿದವು, ಇತ್ತೀಚಿನವು, ವೀಕ್ಷಣಾ ಸಮಯದ ಬಹುಪಾಲು ಎಲ್ಲಿಂದ ಬಂದಿದೆಯೋ ಅವು, ಜೊತೆಗೆ ಶೀರ್ಷಿಕೆ, ವಿವರಣೆ ಮತ್ತು ಚಾನೆಲ್‌ನ ಪರಿಚಯ: ಇಷ್ಟರ ಮೇಲೆ ತೀರ್ಮಾನ. ತೀರ್ಮಾನ ಇಡೀ ಚಾನೆಲ್‌ಗೆ ಅನ್ವಯಿಸುತ್ತದೆ. ಹಾಗಾಗಿ ಹಿಂದಿನ ವರ್ಷದ ಐವತ್ತು ಒಳ್ಳೆಯ ಪಾಠಗಳು ಈಚೆಗೆ ಅವಸರದಲ್ಲಿ ಹಾಕಿದ ಇಪ್ಪತ್ತು ಅಚ್ಚಿನ ವಿಡಿಯೋಗಳ ದೆಸೆಯಿಂದ ಆದಾಯ ಕಳೆದುಕೊಳ್ಳಬಹುದು.

ಮೂರು ಕಟ್ಟಳೆ, ಒಂದೇ ಗುಲ್ಲು

ಗೊಂದಲದ ಬೇರು ಇರುವುದು ಇಲ್ಲಿ. ಆದಾಯದ ನಿಯಮ, ಎಐ ಬಳಕೆ ತಿಳಿಸುವ ನಿಯಮ, ಹಕ್ಕುಸ್ವಾಮ್ಯದ ನಿಯಮ ಮೂರನ್ನೂ ಸುದ್ದಿಯಲ್ಲಿ ಒಂದೇ ಗಂಟು ಕಟ್ಟಲಾಯಿತು. ಮೂರರ ಪರಿಣಾಮಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಆದಾಯದ ನಿಯಮ ಮುರಿದರೆ ವಿಡಿಯೋ ಇದ್ದಲ್ಲೇ ಇರುತ್ತದೆ, ಹುಡುಕಿದರೆ ಸಿಗುತ್ತದೆ, ಜಾಹೀರಾತಿನ ಪಾಲು ಮಾತ್ರ ನಿಲ್ಲುತ್ತದೆ. ಒಪ್ಪಿಗೆ ಇಲ್ಲದಿದ್ದರೆ 21 ದಿನಗಳೊಳಗೆ ಮೇಲ್ಮನವಿ ಹಾಕಬಹುದು. ಇಲ್ಲವೇ ಚಾನೆಲ್ ತಿದ್ದಿಕೊಂಡು 30 ದಿನಗಳ ನಂತರ ಮತ್ತೆ ಅರ್ಜಿ ಹಾಕಬೇಕು. ಮತ್ತೊಮ್ಮೆ ತಿರಸ್ಕಾರವಾದರೆ ಕಾಯುವ ಅವಧಿ 90 ದಿನ.

ಎಐ ಬಳಕೆ ತಿಳಿಸುವ ನಿಯಮ ಬಂದದ್ದು 2024ರ ಮಾರ್ಚ್‌ನಲ್ಲಿ. ನಿಜವಾದ ವ್ಯಕ್ತಿ ಆಡದ ಮಾತನ್ನು ಆಡಿಸಿದರೆ, ನಿಜವಾದ ಘಟನೆ ಅಥವಾ ಜಾಗದ ದೃಶ್ಯ ತಿರುಚಿದರೆ, ನಡೆಯದ್ದನ್ನು ನಡೆದಂತೆಯೇ ಕಾಣುವಂತೆ ಮಾಡಿದರೆ, ಅಪ್‌ಲೋಡ್ ಮಾಡುವಾಗ ಅದನ್ನು ಒಪ್ಪಿಕೊಂಡು ಗುರುತು ಹಾಕಬೇಕು. ಪಾಠದ ರೂಪುರೇಷೆಗೆ ಎಐ ನೆರವು ಪಡೆದರೆ, ತಾನಾಗಿ ಮೂಡುವ ಉಪಶೀರ್ಷಿಕೆಗಳನ್ನು (ಸಬ್‌ಟೈಟಲ್) ಬಳಸಿದರೆ, ಕಾರ್ಟೂನ್ ಎಂದು ನೋಡಿದೊಡನೆ ತಿಳಿಯುವ ಚಿತ್ರ ಬರೆಸಿದರೆ ಗುರುತು ಬೇಡ. ಹೃದಯದ ಕವಾಟ ಹೇಗೆ ತೆರೆಯುತ್ತದೆ ಎಂಬ ಅನಿಮೇಷನ್‌ಗೆ ಬೇಡ. ಹೆಸರಾಂತ ವೈದ್ಯರೊಬ್ಬರ ಮುಖಕ್ಕೆ ಬೇರೆ ಮಾತು ಜೋಡಿಸಿದ್ದಕ್ಕೆ ಬೇಕೇ ಬೇಕು. ಆರೋಗ್ಯ, ಹಣಕಾಸು, ಚುನಾವಣೆ, ಸುದ್ದಿಯಂಥ ವಿಷಯಗಳಲ್ಲಿ ಈ ಗುರುತು ವಿವರಣೆಯ ಮೂಲೆ ಬಿಟ್ಟು ವಿಡಿಯೋದ ಮೇಲೆಯೇ ಕಾಣಿಸುತ್ತದೆ.

ಹಕ್ಕುಸ್ವಾಮ್ಯದ ಲೆಕ್ಕವೇ ಬೇರೆ. 2007ರಿಂದ ನಡೆಯುತ್ತಿರುವ ಕಂಟೆಂಟ್ ಐಡಿ ಎಂಬ ಯಂತ್ರವ್ಯವಸ್ಥೆ ಹೊಸ ವಿಡಿಯೋಗಳ ದನಿ ಮತ್ತು ದೃಶ್ಯವನ್ನು ಹಕ್ಕುದಾರರು ಕೊಟ್ಟ ಮಾದರಿಗಳೊಂದಿಗೆ ಹೋಲಿಸುತ್ತದೆ. ಹೊಂದಿಕೆಯಾದರೆ ಆದಾಯ ಹಕ್ಕುದಾರರ ಕಡೆ ತಿರುಗಬಹುದು, ವಿಡಿಯೋಗೇ ತಡೆ ಬೀಳಬಹುದು. ಕಾನೂನಿನ ಪ್ರಕಾರ ತೆಗೆಸಲು ಕೋರಿದರೆ ಮಾತ್ರ ಚಾನೆಲ್‌ಗೆ ‘ಸ್ಟ್ರೈಕ್’ ಬರುತ್ತದೆ. 90 ದಿನಗಳ ಅವಧಿಯಲ್ಲಿ ಮೂರು ಬಂದರೆ ಚಾನೆಲ್ಲೇ ಹೋಗಬಹುದು. ಸಂಗೀತ ಪಾಠ ಮಾಡುವವರು ಹಾಡಿನ ತುಣುಕು ಕೇಳಿಸಿ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಅವರಿಗೆ ಬಂದ ನೋಟಿಸಿಗೂ ಜುಲೈ 15ರ ಬದಲಾವಣೆಗೂ ಸಂಬಂಧವಿಲ್ಲ.

ಅಚ್ಚಿನ ವಿಡಿಯೋ ಹುಟ್ಟಿದ್ದು ಹೇಗೆ

ಈ ರಾಶಿ ಆಕಾಶದಿಂದ ಉದುರಿದ್ದಲ್ಲ. 2012ರವರೆಗೆ ಶಿಫಾರಸಿನ ಲೆಕ್ಕದಲ್ಲಿ ಕ್ಲಿಕ್‌ಗಳಿಗೆ ಹೆಚ್ಚು ತೂಕವಿತ್ತು. ಆಗ ಗೆದ್ದದ್ದು ಸುಳ್ಳು ಶೀರ್ಷಿಕೆ. ಆ ವರ್ಷ ಯೂಟ್ಯೂಬ್ ತೂಕವನ್ನು ವೀಕ್ಷಣಾ ಸಮಯಕ್ಕೆ ವರ್ಗಾಯಿಸಿತು. ಪಾಠ ಹೇಳುವವರಿಗೆ ಇದು ಮೊದಲು ಅನುಕೂಲವೇ ಆಯಿತು. ಕ್ಲಿಕ್ ಮಾಡಿ ನಿರಾಶರಾಗಿ ಓಡಿಹೋಗುವ ವಿಡಿಯೋಗಿಂತ ಕುಳಿತು ನೋಡುವ ವಿಡಿಯೋ ಮೇಲೆ ಬಂತು.

ಆಮೇಲೆ ಉದ್ದವೇ ಬಂಡವಾಳವಾಯಿತು. ವಿಡಿಯೋದ ನಡುವೆ ಜಾಹೀರಾತು ತೂರಿಸಲು ಮೊದಲು 10 ನಿಮಿಷದ ಉದ್ದ ಬೇಕಿತ್ತು. 2020ರ ಜುಲೈನಲ್ಲಿ ಅದು 8 ನಿಮಿಷಕ್ಕೆ ಇಳಿಯಿತು. ಒಂದೂವರೆ ನಿಮಿಷದಲ್ಲಿ ಮುಗಿಯುವ ಉತ್ತರ ಎಂಟು ನಿಮಿಷ ಹತ್ತು ಸೆಕೆಂಡ್‌ಗೆ ಹಿಗ್ಗುವುದಕ್ಕೆ ಕಾರಣ ಹುಡುಕಬೇಕಾದ್ದು ಈ ಅಂಕಿಯಲ್ಲೇ. ಮೊದಲ ಎರಡು ನಿಮಿಷ ಪೀಠಿಕೆ, ಕೊನೆಯಲ್ಲಿ ಚಂದಾದಾರರಾಗಿ ಎಂಬ ಕೋರಿಕೆ, ನಡುವೆ ಎಲ್ಲೋ ಬೇಕಾದ ಮಾತು.

ಇದರ ಮೇಲೆ ಎಐ ಬಂದು ತಯಾರಿಕೆಯ ಖರ್ಚನ್ನು ಇಳಿಸಿತು. ಬರಹ, ದನಿ, ಚಿತ್ರ ಮೂರೂ ಕೆಲವೇ ನಿಮಿಷಗಳಲ್ಲಿ ಸಿದ್ಧ. ಒಂದು ವಿಡಿಯೋ ಮಾಡಲು ಒಂದು ವಾರ ಬೇಕಿದ್ದಾಗ, ಅದು ಓಡದಿದ್ದರೆ ನಷ್ಟ ದೊಡ್ಡದು. ಖರ್ಚು ಸೊನ್ನೆಯ ಹತ್ತಿರ ಬಂದಾಗ ನೂರು ವಿಡಿಯೋ ಹಾಕಿ ಎರಡು ಓಡಿದರೂ ಲಾಭವೇ. ಮಾಮೂಲಿ ವಿಡಿಯೋದ ಜಾಹೀರಾತು ಆದಾಯದಲ್ಲಿ 55%, ಶಾರ್ಟ್ಸ್‌ನಲ್ಲಿ 45% ಮಾಡಿದವರಿಗೆ ಸೇರುತ್ತದೆ. ಆ ಪಾಲಿಗೆ ಕತ್ತರಿ ಹಾಕುವುದರಿಂದ ಲೆಕ್ಕ ತಲೆಕೆಳಗಾಗುತ್ತದೆ ಎಂದು ಕಂಪನಿ ಯೋಚಿಸಿದರೆ ಅದರಲ್ಲಿ ಹುರುಳಿದೆ. ಆದರೆ ಜಾಹೀರಾತಿನ ಪಾಲು ಒಂದೇ ದಾರಿಯಲ್ಲ. ವಿವರಣೆಯಲ್ಲಿ ಕಮಿಷನ್ ಲಿಂಕ್ ಇಟ್ಟು ಸಾಮಾನು ಮಾರುವವರಿಗೆ, ತಮ್ಮ ದುಡ್ಡಿನ ಕೋರ್ಸ್‌ಗೆ ಜನರನ್ನು ಸೆಳೆಯಲು ವಿಡಿಯೋ ಹಾಕುವವರಿಗೆ ಈ ಕತ್ತರಿ ತಾಗುವುದಿಲ್ಲ. ರಾಶಿ ಕಡಿಮೆಯಾದೀತು, ಖಾಲಿಯಾಗದು.

ಯಾರ ವಾದ ಏನು

ಕಂಪನಿಯ ವಾದ ನೇರವಾಗಿದೆ. ಎಐ ಸಾಧನಗಳಿಂದ ಒಳ್ಳೆಯ ವಿಡಿಯೋ ಮಾಡುವವರಿಗೆ ತೊಂದರೆಯಿಲ್ಲ, ಕಸ ಸುರಿಯುವವರಿಗೆ ಜಾಹೀರಾತುದಾರರ ಹಣ ಕೊಡುವುದಿಲ್ಲ. ತಾನೇ ಎಐ ಡಬ್ಬಿಂಗ್, ಎಐ ಹಿನ್ನೆಲೆ ಚಿತ್ರಗಳ ಸೌಲಭ್ಯ ಕೊಡುತ್ತಿರುವ ಕಂಪನಿ ಎಐಯನ್ನೇ ನಿಷೇಧಿಸುವುದು ಸಾಧ್ಯವೂ ಇರಲಿಲ್ಲ.

ವಿಡಿಯೋ ಮಾಡುವವರ ದೂರು ನಿಯಮದ ಭಾಷೆಯ ಬಗ್ಗೆ. ಎಷ್ಟು ಹೋಲಿಕೆ ಇದ್ದರೆ ಅಚ್ಚು, ಎಷ್ಟು ಬದಲಿದ್ದರೆ ನೈಜ ಎಂಬುದಕ್ಕೆ ಅಳತೆಯಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದಾರೆ ಎನ್ನುತ್ತಾರೆ. ಇದರಲ್ಲಿ ಹೆಚ್ಚು ಆತಂಕ ಪಡಬೇಕಾದವರು ಪರದೆ ಚಿತ್ರೀಕರಿಸಿ ಸಾಫ್ಟ್‌ವೇರ್ ಕಲಿಸುವವರು, ಮಾತಿನ ತೊಂದರೆಯಿಂದಲೋ ಸಂಕೋಚದಿಂದಲೋ ಯಂತ್ರದ ದನಿಯನ್ನು ಆಶ್ರಯಿಸಿದವರು. ಅವರ ವಿಡಿಯೋಗಳು ಹೊರನೋಟಕ್ಕೆ ಅಚ್ಚಿನ ವಿಡಿಯೋಗಳಂತೆಯೇ ಕಾಣುತ್ತವೆ. ವ್ಯತ್ಯಾಸ ಇರುವುದು ಹೇಳುವ ವಿಷಯದಲ್ಲಿ. ವಿಷಯ ತಿಳಿಯದವರು ಆ ವ್ಯತ್ಯಾಸವನ್ನು ಹಿಡಿಯುವುದು ಕಷ್ಟ.

ಮೂರನೆಯ ಪಕ್ಷ ಶಿಕ್ಷಕರದು, ಕಲಿಯುವವರದು. ಇದರ ಬಗ್ಗೆ ಮಾತಾಡಿದವರು ಕಡಿಮೆ. ತಪ್ಪು ತಿಳಿವಳಿಕೆಯನ್ನು ತನ್ನದೇ ಮುಖ, ತನ್ನದೇ ದನಿ, ತನ್ನದೇ ಕ್ಯಾಮೆರಾದಲ್ಲಿ ಹೇಳಿದವನ ವಿಡಿಯೋ ನೂರಕ್ಕೆ ನೂರು ನೈಜ, ಹಣಕ್ಕೂ ಅರ್ಹ. ಹಾನಿಕರ ವೈದ್ಯಕೀಯ ಸುಳ್ಳಿನಂಥವಕ್ಕೆ ಬೇರೆ ನಿಯಮಗಳಿವೆ, ನಿಜ. ಆದರೆ ತಪ್ಪಾಗಿ ಬಿಡಿಸಿದ ಸಮೀಕರಣಕ್ಕೆ, ತಪ್ಪಾಗಿ ಜೋಡಿಸಿದ ತಂತಿಗೆ ಯಾವ ನಿಯಮವೂ ಇಲ್ಲ. ಇರಬೇಕೆಂದು ಬಯಸುವುದೂ ಕಾರ್ಯಸಾಧ್ಯವಲ್ಲ.

ತಪ್ಪು ಏಕೆ ಉಳಿದುಬಿಡುತ್ತದೆ

ಬರಹದಲ್ಲಿ ತಪ್ಪಾದರೆ ಆ ಸಾಲು ತಿದ್ದಬಹುದು. ವಿಡಿಯೋದಲ್ಲಿ ಆ ಸೌಲಭ್ಯವಿಲ್ಲ. ಒಮ್ಮೆ ಹಾಕಿದ ವಿಡಿಯೋದಿಂದ ತುಣುಕು ಕತ್ತರಿಸಬಹುದು, ಒಂದು ಭಾಗ ಮಸುಕು ಮಾಡಬಹುದು. ಹೊಸ ದೃಶ್ಯ ಸೇರಿಸಲು ಬರುವುದಿಲ್ಲ. ಸರಿಪಡಿಸಿದ ವಿಡಿಯೋವನ್ನು ಮತ್ತೆ ಹಾಕಿದರೆ ಅದಕ್ಕೆ ಹೊಸ ವಿಳಾಸ. ಹಳೆಯದರ ವೀಕ್ಷಣೆ, ಪ್ರತಿಕ್ರಿಯೆ, ಹುಡುಕಾಟದ ಸ್ಥಾನ ಯಾವುದೂ ಜೊತೆಗೆ ಬರುವುದಿಲ್ಲ. ಲಕ್ಷಾಂತರ ಮಂದಿ ನೋಡಿದ ವಿಡಿಯೋದಲ್ಲಿ ಒಂದು ಅಂಕಿ ತಪ್ಪಿದೆ ಎಂದು ಗೊತ್ತಾದರೂ ಅದನ್ನು ಅಳಿಸಿ ಹೊಸದಾಗಿ ಶುರುಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ.

ನಡುದಾರಿಯೊಂದಿದೆ, ಬಳಸುವವರು ಕಡಿಮೆ. ವಿವರಣೆಯಲ್ಲಿ ‘ಕರೆಕ್ಷನ್’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಕೆಳಗೆ ತಪ್ಪು ಬರುವ ನಿಮಿಷ–ಸೆಕೆಂಡ್ ಮತ್ತು ಸರಿಯಾದ ಮಾತು ಕೊಟ್ಟರೆ, ಆ ಕ್ಷಣ ಬಂದಾಗ ವಿಡಿಯೋದ ಮೂಲೆಯಲ್ಲಿ ಸೂಚನೆ ಮೂಡುತ್ತದೆ. 2022ರಿಂದ ಈ ಸೌಲಭ್ಯವಿದೆ.

ನೋಡುವವರ ಕೈಯಲ್ಲಿದ್ದ ಒಂದು ಎಚ್ಚರಿಕೆಯ ಗುರುತೂ ಹೋಗಿದೆ. 2021ರ ನವೆಂಬರ್‌ನಲ್ಲಿ ಯೂಟ್ಯೂಬ್ ‘ಇಷ್ಟವಿಲ್ಲ’ ಎಂದವರ ಸಂಖ್ಯೆಯನ್ನು ಮರೆಮಾಡಿತು. ಗುಂಪು ಕಟ್ಟಿಕೊಂಡು ಸಣ್ಣ ಚಾನೆಲ್‌ಗಳ ಮೇಲೆ ಬೀಳುವುದನ್ನು ತಡೆಯಲು ಎಂಬುದು ಕೊಟ್ಟ ಕಾರಣ. ಯೂಟ್ಯೂಬ್‌ನ ಸಹ-ಸ್ಥಾಪಕ ಜಾವೇದ್ ಕರೀಮ್ ಅವರೇ ಇದನ್ನು ಬಹಿರಂಗವಾಗಿ ಟೀಕಿಸಿದರು. ಮನರಂಜನೆಯ ವಿಡಿಯೋಗೆ ಆ ಅಂಕಿ ಬರೀ ಅಭಿರುಚಿಯ ಲೆಕ್ಕ. ‘ಹೀಗೆ ಮಾಡಿ’ ಎನ್ನುವ ವಿಡಿಯೋಗೆ ಅದು ಮಾಡಿ ನೋಡಿ ಕೈ ಸುಟ್ಟುಕೊಂಡವರ ಲೆಕ್ಕವಾಗಿತ್ತು. ಈಗ ಆ ಕೆಲಸವನ್ನು ಪ್ರತಿಕ್ರಿಯೆಗಳನ್ನು ಓದಿ ಮಾಡಬೇಕು, ಅವನ್ನು ಅಳಿಸುವ ಅಧಿಕಾರ ವಿಡಿಯೋ ಹಾಕಿದವರದೇ.

ಇದರ ಜೊತೆಗೆ ಯಂತ್ರಾನುವಾದ. 2024ರ ಡಿಸೆಂಬರ್‌ನಲ್ಲಿ ಯೂಟ್ಯೂಬ್ ತಾನಾಗಿ ಡಬ್ ಮಾಡುವ ಸೌಲಭ್ಯವನ್ನು ಜ್ಞಾನ–ಮಾಹಿತಿ ಹಂಚುವ ಲಕ್ಷಾಂತರ ಚಾನೆಲ್‌ಗಳಿಗೆ ವಿಸ್ತರಿಸಿತು. ಭಾಷೆಯ ಗೋಡೆ ಒಡೆಯುವ ಈ ಕೆಲಸದ ಬೆಲೆಯನ್ನು ಕಡಿಮೆ ಮಾಡಿ ನೋಡಬೇಕಿಲ್ಲ. ಆದರೆ ಯಂತ್ರ ಎಡವುವ ಜಾಗಗಳೇ ಪಾಠದಲ್ಲಿ ಅತಿ ಮುಖ್ಯವಾದವು: ಅಂಕಿ, ಅಳತೆಯ ಘಟಕ, ‘ಬೇಡ’ ಎಂಬ ಮಾತು. ಇಂಗ್ಲಿಷಿನ ‘ಫಿಫ್ಟೀನ್’ ಮತ್ತು ‘ಫಿಫ್ಟಿ’, ‘ಕ್ಯಾನ್’ ಮತ್ತು ‘ಕಾಂಟ್’ ವೇಗದ ಮಾತಿನಲ್ಲಿ ಕಿವಿಗೆ ಹೆಚ್ಚುಕಡಿಮೆ ಒಂದೇ. 15 ನ್ಯೂಟನ್-ಮೀಟರ್‌ಗೆ ಬಿಗಿಯಬೇಕಾದ ಸಣ್ಣ ಬೋಲ್ಟನ್ನು 50ಕ್ಕೆ ಬಿಗಿದರೆ ಥ್ರೆಡ್ ಹರಿದುಹೋಗುತ್ತದೆ, ಇಲ್ಲವೇ ಬೋಲ್ಟೇ ತುಂಡಾಗಿ ಒಳಗೆ ಕೂರುತ್ತದೆ. ಮೂಲ ವಿಡಿಯೋ ಸರಿಯಾಗಿದ್ದೂ ಅದನ್ನು ಬೇರೆ ಭಾಷೆಯಲ್ಲಿ ಕೇಳಿದವರು ಕೆಡಿಸಿಕೊಳ್ಳುವುದು ಹೀಗೆ.

ನೋಡುವಾಗ ಎಲ್ಲವೂ ಸುಲಭ

ಎಲ್ಲ ತಪ್ಪೂ ತಿದ್ದಿದ, ಅಪ್ಪಟ ನೈಜ ವಿಡಿಯೋ ಎಂದೇ ಇಟ್ಟುಕೊಳ್ಳೋಣ. ಅದನ್ನು ನೋಡಿದವರು ಕಲಿತರೇ? ಸಂಶೋಧನೆಗಳು ಸ್ವಲ್ಪ ಮುಜುಗರದ ಉತ್ತರ ಕೊಡುತ್ತವೆ.

ಮೈಕಲ್ ಕಾರ್ಡಸ್ ಮತ್ತು ಎಡ್ ಓ’ಬ್ರಯನ್ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಗೆ ಡಾರ್ಟ್ ಎಸೆಯುವುದು, ಮೂನ್‌ವಾಕ್ ಮಾಡುವುದು, ಪಾತ್ರೆಗಳು ಅಲುಗದಂತೆ ಮೇಜಿನ ಬಟ್ಟೆ ಎಳೆಯುವುದು ಇಂಥ ವಿಡಿಯೋಗಳನ್ನು ತೋರಿಸಲಾಯಿತು. ಇಪ್ಪತ್ತು ಸಲ ನೋಡಿದವರಿಗೆ ಒಂದೇ ಸಲ ನೋಡಿದವರಿಗಿಂತ ಆತ್ಮವಿಶ್ವಾಸ ಹೆಚ್ಚಿತ್ತು. ಕೈಗೆ ಡಾರ್ಟ್ ಕೊಟ್ಟಾಗ ಅಂಕ ಮಾತ್ರ ಹೆಚ್ಚಲಿಲ್ಲ. ಕುತೂಹಲದ ಇನ್ನೊಂದು ಅಂಶ: ಕೋಲುಗಳನ್ನು ಎಸೆದು ಹಿಡಿಯುವ ಆಟದ ವಿಡಿಯೋ ನೋಡಿದ ಮೇಲೆ, ಆ ಕೋಲುಗಳನ್ನು ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದವರ ಅತಿವಿಶ್ವಾಸ ಇಳಿಯಿತು. ಎಸೆಯಲೂ ಇಲ್ಲ, ಬರೀ ಹಿಡಿದದ್ದು. ಭಾರ, ಹಿಡಿತ, ಒಲೆತ ಇವು ಪರದೆಯಿಂದ ದಾಟಿ ಬರುವುದಿಲ್ಲ. ಬಾರದ್ದು ನಮಗೆ ಗೊತ್ತೂ ಆಗುವುದಿಲ್ಲ.

ಕೈಕೆಲಸಕ್ಕಷ್ಟೇ ಇದು ಸೀಮಿತವಲ್ಲ. ಭೌತಶಾಸ್ತ್ರದ ವಿಡಿಯೋಗಳಿಂದ ಹೆಸರಾದ ಡೆರೆಕ್ ಮುಲ್ಲರ್ ಸಿಡ್ನಿ ವಿಶ್ವವಿದ್ಯಾಲಯಕ್ಕೆ 2008ರಲ್ಲಿ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದ ವಿಷಯವೇ ಇದು. ನೇರವಾಗಿ, ಸ್ಪಷ್ಟವಾಗಿ ವಿವರಿಸುವ ವಿಡಿಯೋ ನೋಡಿದ ವಿದ್ಯಾರ್ಥಿಗಳು ಚೆನ್ನಾಗಿ ಅರ್ಥವಾಯಿತು ಎಂದರು. ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ. ಸಾಮಾನ್ಯವಾಗಿ ಜನ ಮಾಡುವ ತಪ್ಪು ಕಲ್ಪನೆಯನ್ನು ಮೊದಲು ಮುಂದಿಟ್ಟು, ಅದು ಏಕೆ ತಪ್ಪು ಎಂದು ಬಿಡಿಸಿದ ವಿಡಿಯೋ ನೋಡಿದವರು ಗೊಂದಲವಾಯಿತು ಎಂದು ದೂರಿದರು. ಅಂಕ ಬಂದದ್ದು ಅವರಿಗೇ ಹೆಚ್ಚು. ಮೊದಲ ಗುಂಪು ವಿಡಿಯೋದಲ್ಲಿ ತನಗೆ ಮೊದಲೇ ಗೊತ್ತಿದ್ದದ್ದನ್ನೇ ಕೇಳಿಸಿಕೊಂಡಿತ್ತು. 2019ರಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದ ಅಧ್ಯಯನದಲ್ಲೂ ತಾವೇ ಲೆಕ್ಕಕ್ಕೆ ಇಳಿದ ವಿದ್ಯಾರ್ಥಿಗಳು ಹೆಚ್ಚು ಕಲಿತಿದ್ದರು, ಆದರೆ ಸರಾಗ ಉಪನ್ಯಾಸ ಕೇಳಿದವರಿಗಿಂತ ಕಡಿಮೆ ಕಲಿತೆವು ಎಂದು ಭಾವಿಸಿದ್ದರು.

ಇದನ್ನು ವೀಕ್ಷಣಾ ಸಮಯದ ಪಕ್ಕ ಇಟ್ಟು ನೋಡಿ. ಗೊಂದಲವಾದವರು ವಿಡಿಯೋ ಬಿಟ್ಟು ಹೋಗುತ್ತಾರೆ. ಮಾಡಿ ನೋಡಲು ಎದ್ದವರು ನಿಲ್ಲಿಸಿ ಹೋಗುತ್ತಾರೆ. ಸರಾಗವಾಗಿ ಹರಿಯುವ, ತಲೆಗೆ ಕೆಲಸ ಕೊಡದ ವಿಡಿಯೋ ಕೊನೆಯವರೆಗೂ ಓಡುತ್ತದೆ. ಶಿಫಾರಸು ಮಾಡುವ ಯಂತ್ರ ಇವುಗಳಲ್ಲಿ ಯಾವುದನ್ನು ಒಳ್ಳೆಯದೆಂದು ಎಣಿಸೀತು ಎಂದು ಬೇರೆ ಹೇಳಬೇಕಿಲ್ಲ. ವಿಡಿಯೋಗಳನ್ನು ಆರು ನಿಮಿಷಕ್ಕೆ ಮಿತಿಗೊಳಿಸಿ ಎಂಬ ಪ್ರಸಿದ್ಧ ಸಲಹೆಯದೂ ಇದೇ ಕಥೆ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕಾ ತಾಣದ ಕೋರ್ಸ್‌ಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ 2014ರ ಅಧ್ಯಯನದಿಂದ ಅದು ಬಂದದ್ದು. ಅಲ್ಲಿ ಅಳೆದದ್ದು ಜನ ಎಷ್ಟು ಹೊತ್ತು ನೋಡಿದರು ಎಂಬುದನ್ನು, ಎಷ್ಟು ಕಲಿತರು ಎಂಬುದನ್ನಲ್ಲ. ಕಲಿಕೆಯ ಮಾನದಂಡ ಎಂಬಂತೆ ಅದನ್ನು ಎತ್ತಿ ಆಡುವವರು ಈ ಭೇದ ಮರೆತಿರುತ್ತಾರೆ.

ನೋಡುವವರು ಮಾಡಬಹುದಾದ್ದು

ಮೊದಲು ದಿನಾಂಕ ನೋಡಬೇಕು. ಸಾಫ್ಟ್‌ವೇರ್ ಆದರೆ ಆವೃತ್ತಿಯ ಸಂಖ್ಯೆಯನ್ನೂ. ಪೈಥಾನ್ 2ರಲ್ಲಿ ‘ಪ್ರಿಂಟ್’ ಮುಂದೆ ಆವರಣ ಚಿಹ್ನೆ ಬೇಕಿರಲಿಲ್ಲ. ಪೈಥಾನ್ 3ರಲ್ಲಿ ಅದಿಲ್ಲದ ಸಾಲು ದೋಷ ತೋರಿಸಿ ನಿಂತುಬಿಡುತ್ತದೆ. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು, ಅದರ ಪಾಠಗಳು ಮಾತ್ರ ಇನ್ನೂ ಹುಡುಕಾಟದಲ್ಲಿ ಸಿಗುತ್ತವೆ. ಮೊದಲ ದಿನವೇ ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದವರು ತಮ್ಮ ತಲೆಯನ್ನು ದೂರುತ್ತಾರೆ, ವಿಡಿಯೋದ ವಯಸ್ಸನ್ನು ನೋಡುವುದಿಲ್ಲ.

ನಂತರ ವಿವರಣೆ ಮತ್ತು ಮೇಲೆ ಪಿನ್ ಮಾಡಿದ ಪ್ರತಿಕ್ರಿಯೆ. ತಿದ್ದುಪಡಿ ಇದ್ದರೆ ಸಾಮಾನ್ಯವಾಗಿ ಈ ಎರಡು ಜಾಗದಲ್ಲೇ ಇರುತ್ತದೆ. ಪ್ರತಿಕ್ರಿಯೆಗಳನ್ನು ‘ಹೊಸತು ಮೊದಲು’ ಎಂದು ವಿಂಗಡಿಸಿದರೆ, ಈಚೆಗೆ ಮಾಡಿ ನೋಡಿದವರಿಗೆ ಏನಾಯಿತು ಎಂಬುದು ಕಾಣುತ್ತದೆ. ಎಲ್ಲ ಪ್ರತಿಕ್ರಿಯೆಗಳೂ ‘ಸೂಪರ್’ ಎಂದಷ್ಟೇ ಹೇಳುತ್ತಿದ್ದು, ಮಾಡಿದವರ ಪ್ರಶ್ನೆ ಒಂದೂ ಇಲ್ಲದಿದ್ದರೆ ಅನುಮಾನಿಸಬೇಕು. ನಿಜವಾಗಿ ಕೈಹಾಕಿದವರಿಗೆ ಪ್ರಶ್ನೆ ಇದ್ದೇ ಇರುತ್ತದೆ.

ಕೈಕೆಲಸದ ವಿಡಿಯೋವನ್ನು ಒಮ್ಮೆ ಪೂರ್ತಿ ನೋಡಿ, ಬೇಕಾದ ಸಾಮಾನು ಪಟ್ಟಿ ಮಾಡಿ, ಆಮೇಲೆ ಹಂತಕ್ಕೊಮ್ಮೆ ನಿಲ್ಲಿಸಿ ಮಾಡಬೇಕು. ಕಂಪ್ಯೂಟರ್‌ನಲ್ಲಿ ಕೆ ಕೀಲಿ ಒತ್ತಿದರೆ ವಿಡಿಯೋ ನಿಲ್ಲುತ್ತದೆ, ಜೆ ಒತ್ತಿದರೆ 10 ಸೆಕೆಂಡ್ ಹಿಂದಕ್ಕೆ, ಎಲ್ ಒತ್ತಿದರೆ 10 ಸೆಕೆಂಡ್ ಮುಂದಕ್ಕೆ ಹೋಗುತ್ತದೆ. ನಿಲ್ಲಿಸಿದ ಮೇಲೆ ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಲಿಗಳು ಒಂದೊಂದೇ ಫ್ರೇಮ್ ಹಿಂದೆ ಮುಂದೆ ಸರಿಸುತ್ತವೆ. ಗಂಟು ಹಾಕುವಾಗ ದಾರ ಮೇಲಿಂದ ಹೋಯಿತೋ ಕೆಳಗಿಂದಲೋ, ವೀಣೆಯ ಮೇಲೆ ಬೆರಳು ಮೊದಲು ಎತ್ತಿತೋ ಜಾರಿತೋ ಎಂಬುದನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಇಷ್ಟು ಹತ್ತಿರದಿಂದ ನೋಡುವ ಅವಕಾಶವನ್ನು ಎದುರಿಗೆ ಕುಳಿತ ಗುರು ಕೂಡ ಕೊಡಲಾರರು.

ವೇಗ ಹೆಚ್ಚಿಸುವುದರ ಬಗ್ಗೆ ತಕರಾರು ಬೇಕಿಲ್ಲ. ಉಪನ್ಯಾಸದ ವಿಡಿಯೋಗಳನ್ನು ಎರಡು ಪಟ್ಟು ವೇಗದವರೆಗೆ ನೋಡಿದರೂ ಗ್ರಹಿಕೆಗೆ ದೊಡ್ಡ ಪೆಟ್ಟು ಬೀಳಲಿಲ್ಲ, ಅದನ್ನು ದಾಟಿದರೆ ಬಿತ್ತು ಎಂದು 2021ರ ಅಧ್ಯಯನವೊಂದು ತೋರಿಸಿದೆ. ಉಳಿಸಿದ ಸಮಯದಲ್ಲಿ ಏನು ಮಾಡುತ್ತೀರಿ ಎಂಬುದು ಪ್ರಶ್ನೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಕಂಡ ಫಲಿತಾಂಶ ಇಲ್ಲಿ ನೆರವಿಗೆ ಬರುತ್ತದೆ. ಪಾಠವೊಂದನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಒಂದು ವಾರದ ನಂತರ, ಒಮ್ಮೆ ಓದಿ ನೆನಪಿನಿಂದ ಬರೆದು ನೋಡಿದವರೇ ಮುಂದಿದ್ದರು. ಅದೇ ವಿಡಿಯೋವನ್ನು ಎರಡನೇ ಸಲ ಓಡಿಸುವ ಬದಲು, ಮುಚ್ಚಿಟ್ಟು ಹಂತಗಳನ್ನು ಕಾಗದದ ಮೇಲೆ ಬರೆದು, ಎಲ್ಲಿ ಬಿಟ್ಟುಹೋಯಿತೋ ಅಲ್ಲಿಗೆ ಮಾತ್ರ ಮರಳಿ ಹೋಗುವುದು ಒಳ್ಳೆಯದು. ಅಪಾಯವಿರುವ ಅಂಕಿಗಳನ್ನು, ಅಂದರೆ ಔಷಧದ ಪ್ರಮಾಣ, ವಿದ್ಯುತ್ ಒತ್ತಡ, ಬಿಗಿತ ಇವನ್ನು ತಯಾರಕರ ಕೈಪಿಡಿಯಲ್ಲೋ ಅಧಿಕೃತ ದಾಖಲೆಯಲ್ಲೋ ತಾಳೆ ನೋಡದೆ ಬಳಸಬಾರದು. ವಿಡಿಯೋ ಎಷ್ಟೇ ಒಳ್ಳೆಯದಿದ್ದರೂ ಇದಕ್ಕೆ ವಿನಾಯಿತಿ ಇಲ್ಲ.

ಹಂಚುವವರು ಮಾಡಬಹುದಾದ್ದು

ಕ್ಯಾಮೆರಾ ಎಲ್ಲಿಡಬೇಕು ಎಂಬುದು ಸಣ್ಣ ವಿಷಯದಂತೆ ಕಂಡರೂ ಸಣ್ಣದಲ್ಲ. ಎಲೆಕ್ಟ್ರಾನಿಕ್ ಸರ್ಕ್ಯೂಟ್ ಜೋಡಿಸುವುದನ್ನು ಮಾಡುವವರ ಕಣ್ಣಿನ ದಿಕ್ಕಿನಿಂದ ಚಿತ್ರಿಸಿದಾಗ, ಎದುರಿನಿಂದ ಚಿತ್ರಿಸಿದ್ದಕ್ಕಿಂತ ನೋಡಿದವರು ಚೆನ್ನಾಗಿ ಜೋಡಿಸಿದರು ಎಂದು 2017ರ ಪ್ರಯೋಗವೊಂದು ಕಂಡುಕೊಂಡಿತು. ಎದುರಿನಿಂದ ನೋಡಿದರೆ ಎಡ–ಬಲ ತಲೆಯಲ್ಲೇ ತಿರುಗಿಸಿಕೊಳ್ಳಬೇಕು, ಆ ಶ್ರಮ ಕಲಿಕೆಯಿಂದ ಕಡಿತವಾಗುತ್ತದೆ. ಆದ್ದರಿಂದ ಕ್ಯಾಮೆರಾ ಹೆಗಲ ಮೇಲಿನಿಂದ ಅಥವಾ ನೆತ್ತಿಯ ಮೇಲಿನಿಂದ ಕೈಗಳತ್ತ ನೋಡುತ್ತಿರಲಿ. ಮೈಕ್ ಬಾಯಿಂದ ಒಂದು ಗೇಣಿಗಿಂತ ದೂರ ಇರದಿದ್ದರೆ ಕೋಣೆಯ ಪ್ರತಿಧ್ವನಿ ತಗ್ಗುತ್ತದೆ; ಚಿತ್ರ ಮಸುಕಾದರೆ ಸಹಿಸುವ ಜನ ದನಿ ಕೆಟ್ಟರೆ ಸಹಿಸುವುದಿಲ್ಲ.

ತಪ್ಪಾದ ಪ್ರಯತ್ನವನ್ನು ಕತ್ತರಿಸಿ ಎಸೆಯುವುದು ಬಹುಪಾಲು ಮಂದಿ ಮಾಡುವ ಕೆಲಸ. ಅದನ್ನು ಉಳಿಸಿಕೊಳ್ಳಬೇಕು. ಬೆಸುಗೆ ತಣ್ಣಗಾದಾಗ ಮೇಲ್ಮೈ ಮಂಕಾಗಿ ಉಂಡೆಕಟ್ಟಿದರೆ ಅದೇನನ್ನು ಹೇಳುತ್ತದೆ, ಹೊಲಿಗೆ ಯಂತ್ರದಲ್ಲಿ ಬಟ್ಟೆಯ ಕೆಳಗೆ ದಾರ ಗೂಡುಕಟ್ಟಿದರೆ ಮೇಲಿನ ದಾರದ ಬಿಗಿತ ಏಕೆ ನೋಡಬೇಕು ಎಂಬುದನ್ನು ಕಲಿಯುವವರು ಸರಿಯಾದ ಪ್ರಯತ್ನದಿಂದ ತಿಳಿಯಲಾರರು. ಮುಲ್ಲರ್ ಅವರ ಪ್ರಬಂಧ ಹೇಳಿದ್ದೂ ಇದನ್ನೇ. ಮೇಲಾಗಿ, ಯಂತ್ರದಿಂದ ಅಚ್ಚು ಒತ್ತಿದವರ ಬಳಿ ಇಂಥ ತುಣುಕು ಇರುವುದಿಲ್ಲ.

ಅಧ್ಯಾಯಗಳನ್ನು ಹಾಕಲು ವಿವರಣೆಯಲ್ಲಿ 0:00ಯಿಂದ ಶುರುಮಾಡಿ, ಕನಿಷ್ಠ ಮೂರು ಸಮಯಗಳನ್ನು ಏರುಕ್ರಮದಲ್ಲಿ ಕೊಡಬೇಕು, ಪ್ರತಿ ಅಧ್ಯಾಯ 10 ಸೆಕೆಂಡ್‌ಗಿಂತ ಕಡಿಮೆ ಇರಬಾರದು. ಒಂದು ತಪ್ಪಿದರೂ ಇಡೀ ಅಧ್ಯಾಯಪಟ್ಟಿ ಕಾಣಿಸುವುದಿಲ್ಲ, ಏಕೆ ಎಂದು ಯಾರೂ ಹೇಳುವುದೂ ಇಲ್ಲ. ಅಳತೆ, ಬಿಡಿಭಾಗ, ಆವೃತ್ತಿ ಎಲ್ಲವನ್ನೂ ವಿವರಣೆಯಲ್ಲಿ ಅಕ್ಷರದಲ್ಲೇ ಕೊಡಬೇಕು. ವಿಡಿಯೋ ತಿದ್ದಲಾಗದು, ವಿವರಣೆಯನ್ನು ಯಾವಾಗ ಬೇಕಾದರೂ ತಿದ್ದಬಹುದು. ಉಪಶೀರ್ಷಿಕೆಗಳನ್ನು ಯಂತ್ರಕ್ಕೆ ಬಿಡದೆ ಒಮ್ಮೆ ಓದಿ ಅಂಕಿಗಳನ್ನಾದರೂ ಸರಿಪಡಿಸಬೇಕು. ನೋಡುಗರೇ ಉಪಶೀರ್ಷಿಕೆ ಬರೆದುಕೊಡುವ ಸೌಲಭ್ಯ 2020ರ ಸೆಪ್ಟೆಂಬರ್‌ನಲ್ಲೇ ನಿಂತಿದೆ, ಹಾಗಾಗಿ ಈ ಕೆಲಸ ಈಗ ಹಾಕುವವರ ತಲೆಗೇ. ಬೇರೆಯವರು ಅನುವಾದಿಸಿ, ಮರುಬಳಸಿ ಹಂಚಲಿ ಎಂಬ ಇಚ್ಛೆಯಿದ್ದರೆ ಅಪ್‌ಲೋಡ್ ಮಾಡುವಾಗ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಆರಿಸುವ ಅವಕಾಶವಿದೆ. ಹೆಸರು ಉಲ್ಲೇಖಿಸಿ ಯಾರು ಬೇಕಾದರೂ ಬಳಸಬಹುದು.

ಆದಾಯದ ವಿಷಯಕ್ಕೆ ಬಂದರೆ, ಬರೆದ ಕರಡು, ಕತ್ತರಿಸದ ಮೂಲ ದೃಶ್ಯ, ಎಡಿಟಿಂಗ್ ಫೈಲ್‌ಗಳನ್ನು ಅಳಿಸದೆ ಇಟ್ಟುಕೊಳ್ಳಬೇಕು. ಪಾಲುದಾರ ಯೋಜನೆಯಿಂದ ಹೊರಬಿದ್ದಾಗ ವಿಡಿಯೋ ರೂಪದಲ್ಲಿ ಮೇಲ್ಮನವಿ ಕೊಡಬಹುದು: ಐದು ನಿಮಿಷ ಮೀರದಂತೆ, ಮೊದಲ 30 ಸೆಕೆಂಡ್‌ನೊಳಗೆ ಚಾನೆಲ್‌ನ ವಿಳಾಸ ತೋರಿಸಿ, ವಿಡಿಯೋಗಳನ್ನು ಹೇಗೆ ತಯಾರಿಸುತ್ತೀರಿ ಎಂದು ತೋರಿಸಬೇಕು. ಯಂತ್ರದ ದನಿ ಬಳಸುವವರಿಗಂತೂ ದನಿಯ ಹಿಂದೆ ಮನುಷ್ಯರಿದ್ದಾರೆ ಎಂಬುದಕ್ಕೆ ಈ ಫೈಲ್‌ಗಳೇ ಪುರಾವೆ.

ಮುಂದೆ ಏನಾಗಬಹುದು

ಅಚ್ಚಿನ ವಿಡಿಯೋ ಮಾಡುವವರು ಮೇಲ್ಪದರ ಬದಲಿಸಲು ಕಲಿಯುತ್ತಾರೆ. ದನಿ ಬೇರೆ, ಹಿನ್ನೆಲೆ ಬೇರೆ, ಆರಂಭದಲ್ಲಿ ಹತ್ತು ಸೆಕೆಂಡ್ ಒಂದು ಮುಖ. ಪರಿಶೀಲನೆಯನ್ನು ದಾಟಲು ಅಷ್ಟು ಸಾಕಾಗಬಹುದು. ಪರಿಶೀಲನೆ ಬಿಗಿಯಾದಷ್ಟೂ ಒಳ್ಳೆಯ ಸಣ್ಣ ಚಾನೆಲ್‌ಗಳು ತಪ್ಪಾಗಿ ಸಿಕ್ಕಿಬೀಳುವ ಪ್ರಮಾಣ ಏರುತ್ತದೆ, ಸಡಿಲವಾದಷ್ಟೂ ಕಸ ಒಳಬರುತ್ತದೆ. ಈ ತೂಗುಯ್ಯಾಲೆಗೆ ತಾಂತ್ರಿಕ ಪರಿಹಾರ ಸದ್ಯಕ್ಕೆ ಕಾಣುವುದಿಲ್ಲ.

ಹೆಚ್ಚು ಗಮನಿಸಬೇಕಾದ್ದು ತಪ್ಪುಗಳ ಸುತ್ತಾಟ. ಯಂತ್ರ ತಪ್ಪಾಗಿ ಕೇಳಿಸಿಕೊಂಡ ಉಪಶೀರ್ಷಿಕೆ ಬರಹವಾಗುತ್ತದೆ, ಆ ಬರಹವನ್ನು ಇನ್ನೊಂದು ಯಂತ್ರ ಓದಿ ಹೊಸ ವಿಡಿಯೋ ಮಾಡುತ್ತದೆ, ಅದು ಮತ್ತೆರಡು ಭಾಷೆಗೆ ಡಬ್ ಆಗುತ್ತದೆ. ಚಿತ್ರ, ದನಿ, ಭಾಷೆ ಎಲ್ಲವೂ ಬೇರೆಯಾದ ಮೇಲೆ ಇವುಗಳ ಮೂಲ ಒಂದೇ ಎಂದು ಪರಿಶೀಲಿಸುವ ಯಂತ್ರಕ್ಕೂ ತಿಳಿಯುವುದಿಲ್ಲ, ನೋಡುವವರಿಗೂ ತಿಳಿಯುವುದಿಲ್ಲ. ಬೋಲ್ಟಿನ ಬಿಗಿತ 50 ಎಂದು ಹತ್ತು ವಿಡಿಯೋಗಳು ಹೇಳಿದರೆ ಹತ್ತು ಸಾಕ್ಷಿ ಸಿಕ್ಕವು ಎಂದು ನಂಬುವುದು ಸಹಜ. ಆ ಅಂಕಿ ಎಲ್ಲಿಂದ ಬಂತು ಎಂದು ವಿವರಣೆಯಲ್ಲಿ ಕೈಪಿಡಿಯ ಪುಟ ಸಮೇತ ಹೇಳಿದ ವಿಡಿಯೋ ಆ ಹತ್ತರಲ್ಲಿ ಒಂದಾದರೂ ಇದೆಯೇ ಎಂದು ಮೊದಲು ಹುಡುಕಬೇಕು. ಒಂದೂ ಇಲ್ಲದಿದ್ದರೆ ವಿಡಿಯೋ ಮುಚ್ಚಿ ಕೈಪಿಡಿಯನ್ನೇ ತೆರೆಯಬೇಕು.